ಹಿರಿಯರ ಜತೆ ಕ್ರೂಸ್ ಪ್ರವಾಸ: ಹೆಚ್ಚು ನಡೆಯಲಾಗದವರಿಗೂ ಹಿತವಾಗುವಂತೆ ಯೋಜಿಸುವುದು ಹೇಗೆ?

ಮಂಡಿನೋವು, ಬೇಗ ಬರುವ ಸುಸ್ತು, ನಾಲ್ಕು ಹೆಜ್ಜೆಗೇ ಏದುಸಿರು. ಇವುಗಳ ಜತೆ ದಿನ ದೂಡುವ ಹಿರಿಯರಿಗೆ ಪ್ರವಾಸವೆಂದರೆ ಮೊದಲು ಕಣ್ಣಿಗೆ ಕಟ್ಟುವುದು ಬಸ್ಸಿನ ಎತ್ತರದ ಮೆಟ್ಟಿಲು, ದಿನಕ್ಕೊಂದು ಹೋಟೆಲ್, ಬಿಚ್ಚಿ ಕಟ್ಟಿ ಮತ್ತೆ ಬಿಚ್ಚುವ ಪೆಟ್ಟಿಗೆ. ಕ್ರೂಸ್ ಹಡಗಿನಲ್ಲಿ ಈ ತಾಪತ್ರಯ ಬಹುಪಾಲು ಇಲ್ಲ. ಬಟ್ಟೆಬರೆ ಒಮ್ಮೆ ಕಪಾಟು ಸೇರಿದರೆ ವಾಪಸಾಗುವ ತನಕ ಅಲ್ಲೇ. ಹಡಗು ಹೆಚ್ಚಾಗಿ ರಾತ್ರಿ ಸಾಗುತ್ತದೆ. ಬೆಳಗ್ಗೆ ಪರದೆ ಸರಿಸಿದರೆ ಎದುರಿಗೆ ಹೊಸ ಊರು.

ಹಾಗಂತ ಟಿಕೆಟ್ ತೆಗೆಸಿದೊಡನೆ ಎಲ್ಲವೂ ತಾನಾಗಿ ಸರಿಹೋಗುವುದಿಲ್ಲ. ಇಂಥ ಪ್ರವಾಸಗಳು ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಉಳಿದವರ ಕಾರ್ಯಕ್ರಮ ಮೊದಲೇ ನಿಗದಿಯಾಗಿರುತ್ತದೆ, ಹಿರಿಯರನ್ನು ಆಮೇಲೆ ಅದರೊಳಗೆ ತುರುಕಲಾಗುತ್ತದೆ. ಈ ಕ್ರಮವನ್ನು ತಿರುಗಿಸಿ. ಅವರ ದಿನ ಹೇಗಿದ್ದರೆ ಚೆಂದ ಎಂದು ಮೊದಲು ಯೋಚಿಸಿ, ಉಳಿದವರ ಓಡಾಟವನ್ನು ಅದರ ಸುತ್ತ ಹೊಂದಿಸಿ.

ಹಂತ 1: ಅವರನ್ನೇ ಕೇಳಿ, ಬಿಡಿಸಿ ಕೇಳಿ

‘ಬರ್ತೀರಾ?’ ಎಂದು ಕೇಳಿದರೆ ‘ನಿಮಗೆ ಹೇಗೆ ಅನುಕೂಲವೋ ಹಾಗೆ’ ಎಂಬ ಉತ್ತರ ಬರುತ್ತದೆ. ಮಕ್ಕಳಿಗೆ ಹೊರೆಯಾಗುತ್ತೇನೆಂಬ ಅಳುಕು ಆ ಮಾತಿನ ಹಿಂದಿರುತ್ತದೆ. ಆದ್ದರಿಂದ ಚಿಕ್ಕಚಿಕ್ಕ ಪ್ರಶ್ನೆ ಕೇಳಿ. ಕೂರದೆ ಎಷ್ಟು ಹೊತ್ತು ನಡೆಯಬಲ್ಲಿರಿ? ಕಂಬಿ ಹಿಡಿದರೆ ಎಷ್ಟು ಮೆಟ್ಟಿಲು ಹತ್ತಬಲ್ಲಿರಿ? ರಾತ್ರಿ ಎಷ್ಟು ಸಲ ಏಳಬೇಕಾಗುತ್ತದೆ? ಬಾಯಿಮಾತಿನ ಉತ್ತರ ಸಾಲದು. ಅವರೊಂದಿಗೆ ನಿಧಾನವಾಗಿ ಒಂದು ಸುತ್ತು ಹೋಗಿ, ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಗೋಡೆ ಹಿಡಿಯುತ್ತಾರೆ ಎಂದು ಗಮನಿಸಿ. ಮನೆಯೊಳಗೆ ಊರುಗೋಲಿಲ್ಲದೆ ಓಡಾಡುವವರಿಗೂ ಹಡಗಿನಲ್ಲಿ ವೀಲ್‌ಚೇರ್ ಬೇಕಾಗಬಹುದು. ದೊಡ್ಡ ಹಡಗುಗಳು ಅಷ್ಟು ಉದ್ದ. 2024ರಲ್ಲಿ ಸಂಚಾರಕ್ಕಿಳಿದ ‘ಐಕಾನ್ ಆಫ್ ದಿ ಸೀಸ್’ ಸುಮಾರು 365 ಮೀಟರ್ ಇದೆ. ಅಂಥದ್ದರ ಒಂದು ತುದಿಯಲ್ಲಿ ಕ್ಯಾಬಿನ್, ಇನ್ನೊಂದು ತುದಿಯಲ್ಲಿ ಊಟದ ಕೋಣೆ ಬಂದರೆ ಮೂರು ಹೊತ್ತಿನ ಊಟವೇ ದೊಡ್ಡ ನಡಿಗೆ.

ಅವರಿಗೆ ಏನು ಇಷ್ಟ ಎಂಬುದನ್ನೂ ಇದೇ ಮಾತುಕತೆಯಲ್ಲಿ ತಿಳಿದುಕೊಳ್ಳಿ. ಕೆಲವರಿಗೆ ಸಂಗೀತ, ಕೆಲವರಿಗೆ ಇಸ್ಪೀಟು, ಕೆಲವರಿಗೆ ಮೊಮ್ಮಕ್ಕಳ ಪಕ್ಕದಲ್ಲಿ ಕುಳಿತು ಸಮುದ್ರ ನೋಡಿದರೆ ಸಾಕು. ಇದು ಗೊತ್ತಾಗದೆ ಮಾರ್ಗ ಆರಿಸಬೇಡಿ.

ಹಂತ 2: ಹಡಗಿಗಿಂತ ಮೊದಲು ಮಾರ್ಗ

ಜಾಹೀರಾತಿನಲ್ಲಿ ಬಂದರುಗಳ ಹೆಸರು ಇರುತ್ತದೆ. ಹಡಗು ಅಲ್ಲಿ ಕಟ್ಟೆಗೆ ತಾಗಿ ನಿಲ್ಲುತ್ತದೆಯೋ, ದೂರದಲ್ಲಿ ಲಂಗರು ಹಾಕುತ್ತದೆಯೋ ಎಂಬುದು ಅಷ್ಟು ಎದ್ದು ಕಾಣುವುದಿಲ್ಲ. ನೀವು ಕೇಳಬೇಕಾದ ಮೊದಲ ಪ್ರಶ್ನೆ ಇದೇ. ಲಂಗರು ಹಾಕಿದರೆ ದಡ ಸೇರಲು ‘ಟೆಂಡರ್’ ಎನ್ನುವ ಚಿಕ್ಕ ದೋಣಿ ಹತ್ತಬೇಕು. ಹಡಗಿನ ಕೆಳ ಅಂತಸ್ತಿನ ಬಾಗಿಲಿನ ಆಚೆ ದೋಣಿ ಅಲೆಯ ಜತೆ ಏಳುತ್ತದೆ, ಇಳಿಯುತ್ತದೆ. ನಡುವಿನ ಸಂದು ಅಗಲವಾಗುತ್ತದೆ, ಕಿರಿದಾಗುತ್ತದೆ. ಆಚೀಚೆ ನಿಂತ ಇಬ್ಬರು ಸಿಬ್ಬಂದಿ ಮೊಣಕೈ ಹಿಡಿದು, ದೋಣಿ ಸಮಕ್ಕೆ ಬಂದ ಕ್ಷಣದಲ್ಲಿ ‘ಈಗ’ ಎನ್ನುತ್ತಾರೆ. ಆ ಒಂದು ಹೆಜ್ಜೆಯನ್ನು ತಡವರಿಸದೆ ಇಡಲೇಬೇಕು. ಮಂಡಿ ಮಾತು ಕೇಳದವರಿಗೆ ಕಷ್ಟವಾಗುವುದು ಇಲ್ಲಿಯೇ. ಸಮುದ್ರ ಒರಟಾಗಿದ್ದರೆ ವೀಲ್‌ಚೇರ್‌ನಲ್ಲಿರುವವರನ್ನು ದೋಣಿಗೆ ಇಳಿಸಲು ಸಿಬ್ಬಂದಿ ಒಪ್ಪದಿರಬಹುದು. ಅದು ಅವರ ಸುರಕ್ಷತೆಗಾಗಿಯೇ ಮಾಡಿದ ನಿಯಮ, ವಾದಕ್ಕಿಳಿಯುವುದು ಬೇಡ.

ಗ್ರೀಸ್‌ನ ಸ್ಯಾಂಟೊರಿನಿ, ಕೆರಿಬಿಯನ್‌ನ ಗ್ರ್ಯಾಂಡ್ ಕೇಮನ್ ಇಂಥ ಟೆಂಡರ್ ಬಂದರುಗಳು. ಸ್ಯಾಂಟೊರಿನಿಯಲ್ಲಿ ದೋಣಿ ಇಳಿದರೂ ಮುಗಿಯುವುದಿಲ್ಲ. ಫಿರಾ ಪಟ್ಟಣ ಕಡಿದಾದ ಬಂಡೆಯ ನೆತ್ತಿಯಲ್ಲಿದೆ. ಹಳೆಯ ಬಂದರಿನಿಂದ ಮೇಲೇರಲು ಇರುವುದು ಐನೂರಕ್ಕೂ ಹೆಚ್ಚು ಮೆಟ್ಟಿಲು, ಕತ್ತೆ ಸವಾರಿ ಅಥವಾ ಕೇಬಲ್ ಕಾರ್. ಕೇಬಲ್ ಕಾರಿಗೆ ಉದ್ದದ ಸರದಿ. ಅದೇ ಸ್ಯಾಂಟೊರಿನಿ ಡೆಕ್ಕಿನ ಮೇಲೆ ಕುಳಿತು ನೋಡಿದರೂ ಬಲು ಚೆಲುವು.

ಹೆಚ್ಚು ನಡೆಯಲಾಗದವರಿಗೆ ನಾನು ಮನಸಾರೆ ಸೂಚಿಸುವುದು ಕುಳಿತಲ್ಲಿಗೇ ನೋಟ ಬರುವ ಮಾರ್ಗಗಳನ್ನು. ಅಲಾಸ್ಕದ ಗ್ಲೇಸಿಯರ್ ಬೇಯಲ್ಲಿ ದೊಡ್ಡ ಕ್ರೂಸ್ ಹಡಗುಗಳ ಪ್ರಯಾಣಿಕರು ಯಾರೂ ದಡಕ್ಕೆ ಇಳಿಯುವುದಿಲ್ಲ. ರಾಷ್ಟ್ರೀಯ ಉದ್ಯಾನದ ರೇಂಜರ್‌ಗಳೇ ಹಡಗೇರಿ ಹಿಮನದಿಗಳ ಬಗ್ಗೆ ವಿವರಿಸುತ್ತಾರೆ. ಇಪ್ಪತ್ತರ ಹುಡುಗನೂ ಎಂಬತ್ತರ ಅಜ್ಜಿಯೂ ಅಲ್ಲಿ ನೋಡುವುದು ಒಂದೇ ನೋಟ. ನಾರ್ವೆಯ ಫಿಯೋರ್ಡ್‌ಗಳಲ್ಲಿ, ಅಂದರೆ ಕಡಿದಾದ ಬೆಟ್ಟಗಳ ನಡುವೆ ಒಳಚಾಚಿದ ಕಿರಿದಾದ ಸಮುದ್ರದಲ್ಲಿ, ಜಲಪಾತಗಳು ಹಡಗಿನಿಂದಲೇ ಕಾಣುತ್ತವೆ. 1914ರಲ್ಲಿ ತೆರೆದ ಪನಾಮಾ ಕಾಲುವೆ ಸುಮಾರು 80 ಕಿಲೋಮೀಟರ್ ಉದ್ದ. ದಾಟಲು ಎಂಟು ಹತ್ತು ಗಂಟೆ ಬೇಕು. ಲಾಕ್ ಕಟ್ಟೆಗಳೊಳಗೆ ನೀರು ತುಂಬಿ, ಹಡಗನ್ನು ಹಂತ ಹಂತವಾಗಿ ಸಮುದ್ರಮಟ್ಟದಿಂದ ಸುಮಾರು 26 ಮೀಟರ್ ಮೇಲಕ್ಕೆ ಎತ್ತುವುದನ್ನು ಕುರ್ಚಿಯಲ್ಲಿ ಕುಳಿತೇ ನೋಡಬಹುದು.

ನದಿ ಕ್ರೂಸ್‌ನಲ್ಲಿ ಅಲೆಯ ಕಾಟವಿಲ್ಲ, ಹಡಗೂ ಚಿಕ್ಕದು. ಆದರೆ ಎಲ್ಲ ಅಂತಸ್ತಿಗೂ ಲಿಫ್ಟ್ ಇರುತ್ತದೆಂಬ ಖಾತರಿಯಿಲ್ಲ. ಕಟ್ಟೆಯಲ್ಲಿ ಜಾಗ ಸಾಲದಾಗ ಹಡಗುಗಳನ್ನು ಪಕ್ಕಪಕ್ಕದಲ್ಲಿ ಕಟ್ಟುತ್ತಾರೆ. ದಡಕ್ಕೆ ಹೋಗಲು ಇನ್ನೊಂದು ಹಡಗಿನೊಳಗೆ ಹಾಯ್ದು ಹೋಗಬೇಕು. ಕೇಳಿಕೊಂಡೇ ಮುಂದುವರಿಯಿರಿ.

ಹಂತ 3: ಕ್ಯಾಬಿನ್

ಹಡಗಿನ ನಡುಭಾಗ, ಕೆಳಗಿನ ಅಂತಸ್ತು, ಲಿಫ್ಟ್‌ಗೆ ಹತ್ತಿರ. ಓಲಾಟ ಕಡಿಮೆ, ನಡಿಗೆಯೂ ಕಡಿಮೆ. ಲಿಫ್ಟ್‌ಗೆ ತೀರಾ ಅಂಟಿಕೊಂಡ ಕ್ಯಾಬಿನ್ನಿನಲ್ಲಿ ಸದ್ದಿರುತ್ತದೆ, ನಾಲ್ಕೈದು ಬಾಗಿಲು ಆಚೆಗಿದ್ದರೆ ಒಳ್ಳೆಯದು.

ಬಚ್ಚಲುಮನೆಯ ವಿಷಯದಲ್ಲಿ ಮಾತ್ರ ರಾಜಿ ಬೇಡ. ಸಾಮಾನ್ಯ ಕ್ಯಾಬಿನ್ನಿನ ಬಚ್ಚಲಿಗೆ ಎತ್ತರದ ಹೊಸ್ತಿಲು ಇರುತ್ತದೆ. ನಿದ್ದೆಗಣ್ಣಿನಲ್ಲಿ ಎಡವುವುದು ಸುಲಭ. ಅಂಗವಿಕಲರಿಗೆಂದೇ ರೂಪಿಸಿದ ಕ್ಯಾಬಿನ್ನುಗಳಲ್ಲಿ ಬಾಗಿಲು ಅಗಲ, ಹೊಸ್ತಿಲಿಲ್ಲ, ಶವರ್‌ನಲ್ಲಿ ಕೂರಲು ಆಸನ, ಹಿಡಿಯಲು ಕಂಬಿ ಇರುತ್ತವೆ. ಒಂದು ಹಡಗಿನಲ್ಲಿ ಇಂಥವು ಇರುವುದೇ ಕೆಲವು, ಅವೂ ಬೇಗ ಮುಗಿದುಹೋಗುತ್ತವೆ. ತಿಂಗಳುಗಳ ಮೊದಲೇ ಕಾಯ್ದಿರಿಸಿ. ವೀಲ್‌ಚೇರ್ ಅಥವಾ ಬ್ಯಾಟರಿ ಸ್ಕೂಟರ್ ಒಯ್ಯುವುದಾದರೆ ಅದರ ಅಗಲ ಅಳೆದು, ಕ್ಯಾಬಿನ್ ಬಾಗಿಲಿನ ಅಳತೆಯನ್ನು ಕಂಪನಿಯಿಂದ ಕೇಳಿ ಪಡೆಯಿರಿ. ತುರ್ತಿನಲ್ಲಿ ದಾರಿಗೆ ಅಡ್ಡವಾಗುವ ಕಾರಣ ಅವನ್ನು ಹೊರಗಿನ ಓಣಿಯಲ್ಲಿ ನಿಲ್ಲಿಸಲು ಬಿಡುವುದಿಲ್ಲ.

ಕಿಟಕಿಯಿಲ್ಲದ ಒಳಕ್ಯಾಬಿನ್ ಅಗ್ಗ, ನಿಜ. ದೀಪ ಆರಿದರೆ ಅಲ್ಲಿ ಗವ್ವೆನ್ನುವ ಕತ್ತಲೆ, ಹಗಲೋ ರಾತ್ರಿಯೋ ತಿಳಿಯದು. ಮರೆವಿನ ತೊಂದರೆ ಇರುವವರಿಗೆ ಇದು ಗಲಿಬಿಲಿ ಹುಟ್ಟಿಸುತ್ತದೆ. ದುಡ್ಡು ಉಳಿಸುವುದಿದ್ದರೆ ಬೇರೆ ಕಡೆ ಉಳಿಸಿ. ಬಾಲ್ಕನಿಯೋ ಕಿಟಕಿಯೋ ಇರುವ ಕೋಣೆಯನ್ನು ಅವರಿಗೆ ಕೊಡಿ. ದಿನದ ಬಹುಪಾಲನ್ನು ಅವರು ಕಳೆಯುವ ಜಾಗ ಅದು.

ಹಂತ 4: ಹೊರಡುವ ಮುಂಚಿನ ಏರ್ಪಾಡು

ಬಹುತೇಕ ಕಂಪನಿಗಳಲ್ಲಿ ವಿಶೇಷ ನೆರವಿನ ಅರ್ಜಿ ಇರುತ್ತದೆ. ಶವರ್ ಸ್ಟೂಲ್, ಎತ್ತರಿಸಿದ ಕಮೋಡ್ ಆಸನ, ಪಥ್ಯದ ಊಟ, ಹತ್ತಿಳಿಯುವಾಗ ವೀಲ್‌ಚೇರ್, ಆಮ್ಲಜನಕ ಯಂತ್ರ, ಇನ್ಸುಲಿನ್‌ಗೆ ಫ್ರಿಜ್ ಎಲ್ಲವನ್ನೂ ವಾರಗಳ ಮೊದಲೇ ಬರೆದು ತಿಳಿಸಿ, ಒಪ್ಪಿಗೆಯ ಉತ್ತರವನ್ನು ಇಟ್ಟುಕೊಳ್ಳಿ. ಸಿಬ್ಬಂದಿ ವೀಲ್‌ಚೇರ್ ತಳ್ಳುವುದು ಸಾಮಾನ್ಯವಾಗಿ ಹತ್ತುವಾಗ, ಇಳಿಯುವಾಗ ಮಾತ್ರ. ನಡುವಿನ ದಿನಗಳಲ್ಲಿ ತಳ್ಳಬೇಕಾದವರು ನೀವೇ.

ವೈದ್ಯರನ್ನು ತಿಂಗಳ ಮೊದಲೇ ಕಂಡು ಫ್ಲೂ, ನ್ಯುಮೋನಿಯಾ ಲಸಿಕೆಗಳ ಬಗ್ಗೆ ಕೇಳಿ. ವಿಮೆಯ ಕಾಗದವನ್ನು ಸಾಲುಸಾಲಾಗಿ ಓದಿ. ಈಗಾಗಲೇ ಇರುವ ಕಾಯಿಲೆಗೆ ರಕ್ಷಣೆ ಇದೆಯೇ, ಹಡಗಿನಿಂದ ಆಸ್ಪತ್ರೆಗೆ ಸಾಗಿಸುವ ವೆಚ್ಚ ಸೇರಿದೆಯೇ ಎಂಬ ಎರಡು ಅಂಶ ಸ್ಪಷ್ಟವಾಗಿರಬೇಕು. ಹಡಗಿನಲ್ಲಿ ವೈದ್ಯರು, ದಾದಿಯರು ಇರುತ್ತಾರೆ, ಆದರೆ ಅವರ ಸೇವೆ ಉಚಿತವಲ್ಲ. ಹೆಲಿಕಾಪ್ಟರ್‌ನಲ್ಲಿ ಸಾಗಿಸುವ ಸಂದರ್ಭ ಬಂದರೆ ವೆಚ್ಚ ಕುಟುಂಬವನ್ನೇ ನಲುಗಿಸುವಷ್ಟಾಗಬಹುದು.

ಔಷಧಗಳೆಲ್ಲ ಕೈಚೀಲದಲ್ಲೇ ಇರಲಿ. ಬಂದರಿನಲ್ಲಿ ಒಪ್ಪಿಸಿದ ಪೆಟ್ಟಿಗೆ ಕ್ಯಾಬಿನ್ ಸೇರುವುದು ಗಂಟೆಗಳ ನಂತರ, ಕೆಲವೊಮ್ಮೆ ಸಂಜೆಗೆ. ಪ್ರಯಾಣ ತಡವಾದರೆ ಬೇಕಾಗುವಂತೆ ಕೆಲವು ದಿನಗಳ ಹೆಚ್ಚುವರಿ ಮಾತ್ರೆ, ಔಷಧದ (ಬ್ರ್ಯಾಂಡ್ ಅಲ್ಲದ) ಮೂಲ ಹೆಸರಿರುವ ಚೀಟಿ, ಇತ್ತೀಚಿನ ಇಸಿಜಿ ಪ್ರತಿ ಜತೆಗಿರಲಿ. ಒಂದು ಚಿಕ್ಕ ರಾತ್ರಿದೀಪ, ಚಪ್ಪಲಿಯ ಬದಲು ರಬ್ಬರ್ ಅಡಿಯ ಬೂಟು, ಒಂದೆರಡು ಅಯಸ್ಕಾಂತ. ಅಯಸ್ಕಾಂತ ಏಕೆಂದರೆ ಕ್ಯಾಬಿನ್ ಬಾಗಿಲುಗಳು ಹೆಚ್ಚಾಗಿ ಉಕ್ಕಿನವು, ಎಲ್ಲವೂ ಒಂದೇ ತರಹ. ಬಾಗಿಲಿಗೆ ಒಂದು ಬಣ್ಣದ ಚಿತ್ರ ಅಂಟಿಸಿದರೆ ತಮ್ಮ ಕೋಣೆಯನ್ನು ಯಾರನ್ನೂ ಕೇಳದೆ ಗುರುತಿಸಬಹುದು.

ಹಂತ 5: ಹತ್ತುವ ದಿನ

ವಿಮಾನದಲ್ಲಿ ಹೋಗುವುದಿದ್ದರೆ ಹಿಂದಿನ ದಿನವೇ ಬಂದರಿನ ಊರು ತಲುಪಿ, ಒಂದು ರಾತ್ರಿ ಮಲಗಿ ಎದ್ದು ಹಡಗೇರಿ.

ಹತ್ತಿದ ಮೇಲೆ ಸುರಕ್ಷತಾ ತಾಲೀಮು ಕಡ್ಡಾಯ. 2012ರ ಜನವರಿಯಲ್ಲಿ ಇಟಲಿಯ ಕರಾವಳಿಯಲ್ಲಿ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ಬಡಿದು 32 ಜನ ಸತ್ತರು. ಆ ಸಂಜೆಯಷ್ಟೇ ಹತ್ತಿದ್ದ ಪ್ರಯಾಣಿಕರಿಗೆ ತಾಲೀಮು ಇನ್ನೂ ಆಗಿರಲಿಲ್ಲ. ಆಮೇಲೆ, ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ತಾಲೀಮು ನಡೆಯಬೇಕೆಂದು ಅಂತರರಾಷ್ಟ್ರೀಯ ನಿಯಮ ಬಿಗಿಯಾಯಿತು. ಹಿರಿಯರಿಗೆ ತೊಂದರೆಯೆಂದು ಇದನ್ನು ತಪ್ಪಿಸಬೇಡಿ. ಕುರ್ಚಿ ಕೇಳಿದರೆ ಕೊಡುತ್ತಾರೆ. ತುರ್ತಿನಲ್ಲಿ ಲಿಫ್ಟ್ ಬಳಸುವಂತಿಲ್ಲ. ಮೆಟ್ಟಿಲು ಹತ್ತಲಾಗದವರನ್ನು ಸಾಗಿಸಲು ಸಿಬ್ಬಂದಿ ಇರುತ್ತಾರೆ, ಆದರೆ ಅವರಿಗೆ ಕ್ಯಾಬಿನ್ ಸಂಖ್ಯೆ ಮೊದಲೇ ಗೊತ್ತಿರಬೇಕು. ಮೊದಲ ದಿನವೇ ಗೆಸ್ಟ್ ಸರ್ವಿಸಸ್ ಮೇಜಿಗೆ ಹೋಗಿ ನೋಂದಾಯಿಸಿ.

ಹಂತ 6: ಹಡಗಿನ ದಿನಗಳು

ದಿನಕ್ಕೆ ಒಂದೇ ಮುಖ್ಯ ಕಾರ್ಯಕ್ರಮ ಸಾಕು. ಬೆಳಗ್ಗೆ ಉಪನ್ಯಾಸಕ್ಕೆ ಹೋದರೆ ಮಧ್ಯಾಹ್ನ ನಿದ್ದೆ, ಸಂಜೆ ಸಂಗೀತವಿದ್ದರೆ ಬೆಳಗು ಬಾಲ್ಕನಿಗೆ ಮೀಸಲು. ರಂಗಮಂದಿರಕ್ಕೆ ಅರ್ಧ ಗಂಟೆ ಮೊದಲೇ ಹೋಗಿ ಮೆಟ್ಟಿಲಿಲ್ಲದ ಸಾಲು ಹಿಡಿಯಿರಿ. ಮುಗಿದ ಮೇಲೆ ಜನ ಚದುರುವ ತನಕ ಕುಳಿತೇ ಇರಿ, ಲಿಫ್ಟ್ ಮುಂದಿನ ನೂಕುನುಗ್ಗಲು ತಪ್ಪುತ್ತದೆ.

ಊಟಕ್ಕೆ ಬಫೆಗಿಂತ ನಿಗದಿತ ಮೇಜಿನ ಊಟ ಹಿತ. ದಿನವೂ ಅದೇ ಮೇಜು, ಬಡಿಸುವವರೂ ಅವರೇ. ಉಪ್ಪು ಕಡಿಮೆ, ಅನ್ನ ಮೆತ್ತಗೆ ಎಂದು ಎರಡನೇ ದಿನದಿಂದ ಹೇಳಬೇಕಾಗಿಯೇ ಇರುವುದಿಲ್ಲ. ಹೆಸರು ಹಿಡಿದು ಮಾತಾಡಿಸಿದಾಗ ಹಿರಿಯರ ಮುಖ ಅರಳುವುದನ್ನು ನೀವೇ ನೋಡುತ್ತೀರಿ. ಬಫೆಗೆ ಹೋಗಲೇಬೇಕಾದರೆ ತಟ್ಟೆ ಹೊರಲು ಸಿಬ್ಬಂದಿಯ ನೆರವು ಕೇಳಿ.

ನಡೆಯುವಾಗ ನಾವಿಕರ ಹಳೆಯ ನಿಯಮ ಪಾಲಿಸಿ: ಒಂದು ಕೈ ತನಗೆ, ಇನ್ನೊಂದು ಹಡಗಿಗೆ. ಅಂದರೆ ಒಂದು ಕೈ ಸದಾ ಕಂಬಿಯ ಮೇಲೆ. ಕೆಲವು ಹಡಗುಗಳ ಓಣಿಯ ನೆಲಹಾಸಿನಲ್ಲಿ ಮೀನಿನ ಚಿತ್ತಾರವಿರುತ್ತದೆ. ಆ ಮೀನುಗಳು ಈಜುವ ದಿಕ್ಕೇ ಹಡಗಿನ ಮುಂಭಾಗ. ದಾರಿ ತಪ್ಪುವವರಿಗೆ ತೋರಿಸಿಕೊಡಿ.

ಹೊಟ್ಟೆ ತೊಳಸಿದರೆ ನಿಮ್ಮ ಮಾತ್ರೆಯನ್ನು ಅವರಿಗೆ ಕೊಡಬೇಡಿ. ಕಿವಿಯ ಹಿಂದೆ ಅಂಟಿಸುವ ಸ್ಕೋಪೋಲಮೈನ್ ಪಟ್ಟಿ ಮತ್ತು ನಿದ್ದೆ ತರಿಸುವ ವಾಂತಿನಿರೋಧಕ ಮಾತ್ರೆಗಳಿಂದ ವಯಸ್ಸಾದವರಲ್ಲಿ ಗೊಂದಲ, ಮೂತ್ರ ಕಟ್ಟುವುದು, ತಲೆ ಸುತ್ತಿ ಬೀಳುವುದು ಆಗಬಹುದು. ಗ್ಲಾಕೋಮಾ, ಪ್ರಾಸ್ಟೇಟ್ ತೊಂದರೆ ಇದ್ದರಂತೂ ವೈದ್ಯರನ್ನು ಕೇಳದೆ ಮುಟ್ಟಲೇಬೇಡಿ. ಹಡಗಿನ ಇನ್ನೊಂದು ಕಾಟ ನೊರೊವೈರಸ್ ವಾಂತಿಭೇದಿ. ಇದಕ್ಕೆ ಕೈಗೆ ಹಚ್ಚುವ ಸ್ಯಾನಿಟೈಸರ್ ಸಾಲದು. ಸೋಪು ನೀರಿನಲ್ಲಿ ಚೆನ್ನಾಗಿ ಉಜ್ಜಿ ತೊಳೆಯಬೇಕು. ಒಂದೆರಡು ಸಲ ಭೇದಿಯಾದರೂ ಹಿರಿಯರ ದೇಹ ಬೇಗ ಒಣಗುತ್ತದೆ, ತಡಮಾಡದೆ ವೈದ್ಯರಿಗೆ ತಿಳಿಸಿ. ಮಾರ್ಗದಲ್ಲಿ ಗಡಿಯಾರ ಹಿಂದೆ ಮುಂದೆ ಆಗುತ್ತಿದ್ದರೆ ಮಾತ್ರೆಯ ಹೊತ್ತನ್ನು ಹೇಗೆ ಹೊಂದಿಸಬೇಕೆಂದು ಮನೆಯಲ್ಲೇ ಬರೆಸಿಕೊಂಡು ಬನ್ನಿ.

ಹಂತ 7: ಬಂದರು ಬಂದಾಗ

ಎಲ್ಲರೂ ಇಳಿಯುವಾಗ ‘ನಾನು ಇಲ್ಲೇ ಇರುತ್ತೇನೆ’ ಎಂದು ಅವರು ಅಂದರೆ ಬಲವಂತ ಮಾಡಬೇಡಿ, ಅಯ್ಯೋ ಪಾಪ ಎಂದು ಮರುಗಲೂಬೇಡಿ. ಬಂದರಿನ ದಿನ ಹಡಗು ಅರ್ಧಕ್ಕರ್ಧ ಖಾಲಿ. ಡೆಕ್ಕಿನ ನೆರಳಿನ ಕುರ್ಚಿ, ಗದ್ದಲವಿಲ್ಲದ ಕೊಳ, ಕಾಯಬೇಕಿಲ್ಲದ ಲಿಫ್ಟ್, ಎಲ್ಲವೂ ಅವರದೇ. ಆದರೆ ಒಂಟಿಯಾಗಿ ಬಿಟ್ಟಂತಾಗಬಾರದು. ಕುಟುಂಬದವರು ಸರದಿಯಂತೆ ಒಬ್ಬೊಬ್ಬರು ಜತೆಗೆ ಉಳಿಯಿರಿ. ಉಳಿದವರು ಎಷ್ಟು ಗಂಟೆಗೆ ವಾಪಸ್ ಎಂದು ಚೀಟಿ ಬರೆದಿಟ್ಟು ಹೋಗಲಿ.

ಇಳಿಯುವ ಆಸೆ ಅವರಿಗಿದ್ದರೆ ಮೊದಲ ನೂಕಾಟ ಮುಗಿದ ಮೇಲೆ ಹೊರಡಿ. ಹಡಗಿನಿಂದ ಕಟ್ಟೆಗೆ ಇಳಿಯುವ ಸೇತುವೆಯ (ಗ್ಯಾಂಗ್‌ವೇ) ಇಳಿಜಾರು ಉಬ್ಬರವಿಳಿತದ ಜತೆ ಬದಲಾಗುತ್ತದೆ. ಬೆಳಗ್ಗೆ ಸಮನಾಗಿದ್ದದ್ದು ಮಧ್ಯಾಹ್ನ ಕಡಿದಾಗಿರಬಹುದು, ಬಾಗಿಲಲ್ಲಿರುವ ಸಿಬ್ಬಂದಿಯನ್ನು ವಿಚಾರಿಸಿ. ದಿನವಿಡೀ ತಿರುಗಿಸುವ ಬಸ್ ಪ್ರವಾಸದ ಬದಲು ಒಂದು ಟ್ಯಾಕ್ಸಿ, ಎರಡು ಗಂಟೆ, ಕೂರಲು ಜಾಗವಿರುವ ಒಂದೇ ತಾಣ. ಅಷ್ಟರಲ್ಲೇ ಅವರು ತೃಪ್ತರಾಗಿ ಮರಳುತ್ತಾರೆ.

ಹಂತ 8: ಇಳಿಯುವ ದಿನ

ದೊಡ್ಡ ಪೆಟ್ಟಿಗೆಗಳನ್ನು ಹಿಂದಿನ ರಾತ್ರಿಯೇ ಬಾಗಿಲ ಹೊರಗಿಡಲು ಹೇಳುತ್ತಾರೆ. ಮಾತ್ರೆ, ಕನ್ನಡಕ, ಶ್ರವಣಯಂತ್ರ, ಹಲ್ಲಿನ ಸೆಟ್ಟು, ಮರುದಿನದ ಬಟ್ಟೆ ಮತ್ತು ಬೂಟು ಅದರೊಳಗೆ ಸೇರಿಹೋಗದಂತೆ ನೋಡಿಕೊಳ್ಳಿ. ವೀಲ್‌ಚೇರ್ ನೆರವಿನ ಹೊತ್ತನ್ನು ಮುನ್ನಾದಿನವೇ ಖಚಿತಪಡಿಸಿ. ಬೆಳಗ್ಗೆ ಕ್ಯಾಬಿನ್ ಬೇಗ ಬಿಡಬೇಕಾಗುತ್ತದೆ, ಆದ್ದರಿಂದ ಕಾಯುವಾಗ ಕೂರುವ ಜಾಗ ಎಲ್ಲಿ, ಹತ್ತಿರದ ಶೌಚಾಲಯ ಎಲ್ಲಿ ಎಂದು ನೋಡಿಟ್ಟುಕೊಂಡಿರಿ. ಅಂದೇ ವಿಮಾನವಿದ್ದರೆ ಮಧ್ಯಾಹ್ನದ ನಂತರದ್ದನ್ನೇ ಆರಿಸಿ. ನಿಲ್ದಾಣದ ವೀಲ್‌ಚೇರನ್ನು ಟಿಕೆಟ್ ಜತೆಗೇ ಕಾಯ್ದಿರಿಸಿ.