ಮೂರು ವರ್ಷ ಸರಿ, ಯಾವತ್ತಿನಿಂದ?

ನಾನು ತಿಪಟೂರಿನಲ್ಲಿ ವಕೀಲರೊಬ್ಬರ ಹತ್ತಿರ ಗುಮಾಸ್ತ. ಬಂದವರ ಕಾಗದಪತ್ರ ಮೊದಲು ಬಿಚ್ಚಿ ನೋಡುವವನು ನಾನೇ. ದೊಡ್ಡಮ್ಮನ ಹತ್ತಿರ ಇಟ್ಟ ಒಡವೆ ವಾಪಸ್ ಬರಲಿಲ್ಲ, ಪಕ್ಕದ ತೋಟದವರು ಪಂಪ್‌ಸೆಟ್ ಎತ್ತಿಕೊಂಡು ಹೋದರು, ಗೋಡೆ ಕೆಡವುವಾಗ ಕಲ್ಲು ಬಿದ್ದು ಬೈಕ್ ಜಜ್ಜಿಹೋಯ್ತು, ಇಂಥವೇ ಜಾಸ್ತಿ. ಅವರು ಕೇಳೋದು, "ಕೇಸು ಗೆಲ್ತೀವಾ ಸ್ವಾಮಿ?" ನಾನು ಕೇಳೋದು, "ಯಾವತ್ತು ಆಗಿದ್ದು?"

ಜಮೀನು, ಮನೆ ಬಿಟ್ಟು ಉಳಿದ ವಸ್ತುಗಳನ್ನು ಕಾನೂನು ಚರಾಸ್ತಿ ಅನ್ನುತ್ತದೆ. ಇವುಗಳ ದಾವೆಗೆ 1963ರ ಕಾಲಮಿತಿ ಕಾಯ್ದೆ ಬಹುಪಾಲು ಮೂರು ವರ್ಷ ಕೊಡುತ್ತದೆ. ಇದು ಎಷ್ಟೋ ಜನಕ್ಕೆ ಗೊತ್ತು. ಗೊತ್ತಿಲ್ಲದಿರುವುದು ಆ ಮೂರು ವರ್ಷ ಯಾವ ದಿನದಿಂದ ಶುರು ಅನ್ನುವುದು.

ಎದುರಿಗೇ ಎತ್ತಿಕೊಂಡು ಹೋಗಿದ್ದರೆ ಆ ದಿನದಿಂದಲೇ. ಹಾಳು ಮಾಡಿದ್ದರೆ ಹಾಳಾದ ದಿನದಿಂದ. ಇವೆರಡರಲ್ಲಿ ತಕರಾರಿಲ್ಲ. ಫೋಟೋ ತೆಗೆದಿಡಿ, ಮೆಕ್ಯಾನಿಕ್ ಹತ್ತಿರ ತಾರೀಕು ಹಾಕಿದ ಎಸ್ಟಿಮೇಟ್ ಬರೆಸಿಕೊಳ್ಳಿ. ಆದರೆ ವಾಹನ ಗುದ್ದಿ ಹಾಳಾಗಿದ್ದರೆ ದಾರಿ ಬೇರೆ. ಅದು ಮೋಟಾರು ಅಪಘಾತದ ನ್ಯಾಯಮಂಡಳಿಗೆ ಹೋಗುತ್ತದೆ, ಅಲ್ಲಿ ಕಾಯ್ದೆಯಲ್ಲಿ ಬರೆದಿರುವುದು ಆರೇ ತಿಂಗಳು.

ಕಳವಾದ, ಕಳೆದುಹೋದ ವಸ್ತುವಿಗೆ ಲೆಕ್ಕ ಬೇರೆ. ಅದು ಯಾರ ಕೈಯಲ್ಲಿದೆ ಅಂತ ನಿಮಗೆ ಮೊದಲು ಗೊತ್ತಾದ ದಿನದಿಂದ ಮೂರು ವರ್ಷ. 2021ರಲ್ಲಿ ಕಳವಾದ ಮೋಟಾರ್ ಅರಸೀಕೆರೆ ಕಡೆಯ ಒಂದು ತೋಟದಲ್ಲಿದೆ ಅಂತ 2024ರಲ್ಲಿ ತಿಳಿದರೆ, ಎಣಿಕೆ 2024ರಿಂದ. ಹೇಗೆ ತಿಳಿಯಿತು, ಯಾರು ಹೇಳಿದರು ಅನ್ನುವುದನ್ನು ಅವತ್ತೇ ಬರೆದಿಡಿ. ಎದುರು ಪಾರ್ಟಿ ವಕೀಲರು ಪಾಟೀಸವಾಲಿನಲ್ಲಿ ಹಿಡಿಯುವುದೇ ಇದನ್ನು.

ನಂಬಿ ಇಡಲು ಕೊಟ್ಟದ್ದು, ಅಡವಿಟ್ಟದ್ದು ಇನ್ನೊಂದು ಬಗೆ. ಇಲ್ಲಿ ಕೊಟ್ಟ ದಿನ ಲೆಕ್ಕಕ್ಕಿಲ್ಲ. ನೀವು ವಾಪಸ್ ಕೇಳಿ, ಅವರು ಕೊಡಲ್ಲ ಅಂದ ದಿನದಿಂದ ಮೂರು ವರ್ಷ. ಹತ್ತು ವರ್ಷದ ಹಿಂದೆ ದೊಡ್ಡಮ್ಮನ ಬೀರುವಿನಲ್ಲಿಟ್ಟ ಸರವನ್ನು ಈ ವರ್ಷ ಮೊದಲ ಸಲ ಕೇಳಿ, ಅವರು ಇಲ್ಲ ಅಂದರೆ ನಿಮಗೆ ಕಾಲ ಇದೆ. ಆದರೆ ಐದು ವರ್ಷದ ಹಿಂದೆಯೇ ಕೇಳಿದ್ದು, "ಕೊಡಲ್ಲ, ಏನ್ ಮಾಡ್ಕೊತೀಯೋ ಮಾಡ್ಕೊ" ಅಂತ ಅವರ ಮಗ ಅವರ ಪರವಾಗಿ ವಾಟ್ಸಾಪ್ ಮಾಡಿದ್ದರೆ, ಆ ಮೆಸೇಜೇ ನಿಮಗೆ ಮುಳುವಾಗಬಹುದು. ಈಗ ಹೊಸದಾಗಿ ನೋಟಿಸ್ ಕೊಟ್ಟರೆ ಹೊಸ ತಾರೀಕು ಹುಟ್ಟುವುದಿಲ್ಲ.

ಹಾಗಾಗಿ ಕೇಳುವುದನ್ನು ಬಾಯಲ್ಲಿ ಮುಗಿಸಬೇಡಿ. ಒಂದು ಹಾಳೆ ಸಾಕು. ನಾನು ಬರೆಸೋದು ಹೀಗೆ: "ಇಂಥ ತಾರೀಕು ನಮ್ಮ ತಾಯಿ ಸಮಕ್ಷಮ ನಿಮ್ಮ ಹತ್ತಿರ ಇಡಲು ಕೊಟ್ಟ, ಸುಮಾರು 32 ಗ್ರಾಂ ತೂಕದ, ಕೆಂಪು ಹರಳಿನ ಪದಕ ಇರುವ ಎರಡೆಳೆ ಚಿನ್ನದ ಸರವನ್ನು ಈ ಪತ್ರ ತಲುಪಿದ 15 ದಿನದೊಳಗೆ ವಾಪಸ್ ಕೊಡಬೇಕಾಗಿ ಕೋರುತ್ತೇನೆ." ಬೈಗುಳ ಬೇಡ, ಹಳೆ ಜಗಳ ಬೇಡ. ತೂಕ, ಗುರುತು ಮಾತ್ರ ಸ್ಪಷ್ಟವಾಗಿರಲಿ. "ಒಂದು ಸರ" ಅಂತ ಬರೆದರೆ ಯಾವ ಸರ ಅಂತ ಕೋರ್ಟು ಕೇಳುತ್ತದೆ, ಅಲ್ವಾ? ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿಯನ್ನೂ ತಲುಪಿದ ದಾಖಲೆಯನ್ನೂ ನಕಲಿನ ಜೊತೆ ಪಿನ್ ಮಾಡಿಡಿ.

ಜನ ಕಾಲ ಕಳೆದುಕೊಳ್ಳುವುದು ಹೆಚ್ಚಾಗಿ ಎರಡು ಕಡೆ. ಒಂದು ಪೊಲೀಸ್ ಠಾಣೆ. ದೂರು ಕೊಟ್ಟಿದ್ದೇವೆ, ಹಿಂಬರಹ ಕೊಟ್ಟಿದ್ದಾರೆ ಅಂತ ಸುಮ್ನೆ ಕೂರುತ್ತಾರೆ. ದೂರು ಕೊಟ್ಟಿರಿ, ಎಫ್‌ಐಆರ್ ಆಗಲಿ, ಸಿವಿಲ್ ದಾವೆಯ ಗಡುವು ಅದರಿಂದ ನಿಲ್ಲುವುದಿಲ್ಲ. ಇನ್ನೊಂದು ಊರ ಪಂಚಾಯ್ತಿ. "ಹಬ್ಬ ಕಳೀಲಿ ಕೊಡ್ತಾನೆ" ಅನ್ನುವ ಹಿರಿಯರ ಮಾತಿಗೆ ಕಾಯ್ದೆಯಲ್ಲಿ ಬೆಲೆಯಿಲ್ಲ. ರಾಜಿ ಮಾತು ನಡೆಯುತ್ತಿದ್ದರೆ, ವಸ್ತು ನನ್ನ ಹತ್ತಿರ ಇದೆ, ಇಂಥವರಿಗೆ ಕೊಡಬೇಕು ಅಂತ ಅವರಿಂದ ಬರೆಸಿ ಸಹಿ ಹಾಕಿಸಿಕೊಳ್ಳಿ. ಗಡುವು ಮುಗಿಯುವ ಮೊದಲೇ ಆ ಸಹಿ ಬಿದ್ದರೆ, ಸಹಿ ಬಿದ್ದ ದಿನದಿಂದ ಮತ್ತೆ ಹೊಸದಾಗಿ ಎಣಿಕೆ ಶುರು. ಮುಗಿದ ಮೇಲೆ ಬಿದ್ದ ಸಹಿಗೆ ಆ ಶಕ್ತಿ ಇಲ್ಲ.

"ತಡ ಆಗಿದ್ದಕ್ಕೆ ಕಾರಣ ಹೇಳಿ ಅರ್ಜಿ ಹಾಕಿದ್ರೆ ಆಗಲ್ವಾ?" ಅಂತ ಕೇಳುತ್ತಾರೆ. ವಿಳಂಬ ಮನ್ನಿಸುವ 5ನೇ ಕಲಮು ಅಪೀಲಿಗೆ, ಅರ್ಜಿಗಳಿಗೆ. ದಾವೆಗೆ ಅನ್ವಯಿಸುವುದಿಲ್ಲ. ಎದುರು ಪಾರ್ಟಿ ಬಾಯಿ ಬಿಡದಿದ್ದರೂ ಗಡುವು ಮೀರಿದ ದಾವೆಯನ್ನು ಕೋರ್ಟು ವಜಾ ಮಾಡಲೇಬೇಕು. ಅಷ್ಟೇ ಅಲ್ಲ, ವಸ್ತು ವಾಪಸ್ ಕೇಳುವ ಗಡುವು ಮುಗಿದರೆ 27ನೇ ಕಲಮಿನ ಪ್ರಕಾರ ಅದರ ಮೇಲಿನ ಹಕ್ಕೂ ಹೋಗುತ್ತದೆ. ನನಗೆ ಈ ಕಾಯ್ದೆಯಲ್ಲಿ ತುಂಬ ಕಠಿಣ ಅನ್ನಿಸುವುದು ಇದೇ.

ಮೂರು ವರ್ಷಕ್ಕಿಂತ ಕಡಿಮೆ ಇರುವವೂ ಇವೆ. ಯಾರದೋ ಸಾಲಕ್ಕೆ ಕೋರ್ಟಿನ ಅಮೀನರು ನಿಮ್ಮ ಟಿಲ್ಲರ್ ತಪ್ಪಾಗಿ ಜಫ್ತಿ ಮಾಡಿದರೆ, ಪರಿಹಾರ ಕೇಳಲು ಜಫ್ತಿಯ ದಿನದಿಂದ ಒಂದೇ ವರ್ಷ. ಡ್ರೈಕ್ಲೀನಿಂಗಿಗೆ ಕೊಟ್ಟ ಸೀರೆ ಸುಟ್ಟರೆ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಿ. ಅಲ್ಲಿ ತಕ್ಕ ಕಾರಣ ಇದ್ದರೆ ತಡವನ್ನು ಮನ್ನಿಸುವ ಅವಕಾಶ ಉಂಟು. ಲಾರಿ ಟ್ರಾನ್ಸ್‌ಪೋರ್ಟಿನಲ್ಲಿ ಕಳಿಸಿದ ಸಾಮಾನು ಒಡೆದರೆ, ಬುಕಿಂಗ್ ಮಾಡಿದ ದಿನದಿಂದ 180 ದಿನದೊಳಗೆ ಅವರಿಗೆ ಲಿಖಿತ ನೋಟಿಸ್ ತಲುಪಿರಬೇಕು. ಸಾಮಾನು ಕೈಗೆ ಬಂದ ದಿನದಿಂದಲ್ಲ, ಗಮನಿಸಿ.

ಎಣಿಸುವಾಗ ಮೊದಲ ದಿನ ಬಿಡಿ. 2023ರ ಜೂನ್ 10ರಂದು ಕೊಡಲ್ಲ ಅಂದಿದ್ದರೆ 2026ರ ಜೂನ್ 10 ಕೊನೆ ದಿನ. ಅವತ್ತು ಕೋರ್ಟಿಗೆ ರಜೆ ಇದ್ದರೆ ತೆರೆದ ದಿನ ಹಾಕಬಹುದು. ಎಣಿಕೆ ಶುರುವಾಗುವ ದಿನ ವಸ್ತುವಿನ ಹಕ್ಕುದಾರ ಅಪ್ರಾಪ್ತನಾಗಿದ್ದರೆ 18 ತುಂಬಿದ ಮೇಲೆ ಮೂರು ವರ್ಷ ಸಿಗುತ್ತದೆ.

ವಕೀಲರ ಹತ್ತಿರ ಬರುವಾಗ ಕೊನೆ ವಾರಕ್ಕೆ ಕಾಯಬೇಡಿ. ಕೋರ್ಟ್ ಫೀ ವಸ್ತುವಿನ ಮಾರುಕಟ್ಟೆ ಬೆಲೆಯ ಮೇಲೆ, ಹಾಗಾಗಿ ಬೆಲೆಗೆ ಆಧಾರ ಬೇಕು. ಹಳೆ ಬಿಲ್ಲು, ಮದುವೆ ಫೋಟೋ, ಅಕ್ಕಸಾಲಿಗರ ಚೀಟಿ ಏನಿದ್ದರೂ ತನ್ನಿ. ವಾದಪತ್ರದಲ್ಲಿ ವಸ್ತು ಕೊಡಿಸಿ, ಸಿಗದಿದ್ದರೆ ಇಷ್ಟು ಹಣ ಕೊಡಿಸಿ ಅಂತ ಎರಡನ್ನೂ ಕೇಳಿಸಿ. ವಕೀಲರನ್ನಿಡುವ ಶಕ್ತಿ ಇಲ್ಲದಿದ್ದರೆ ಕೋರ್ಟಿನ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರ ನೆರವು ಉಚಿತ.