ಬದುವಿನ ಕಾಂಗ್ರೆಸ್ ಗಿಡದಲ್ಲಿರುವ ಹಿಟ್ಟು ತಿಗಣೆ ಯಾವುದು? ಗುರುತಿಸೋದು ಹೀಗೆ

ಪಪ್ಪಾಯಿಗೆ ಹಿಟ್ಟು ತಿಗಣೆ (ಮೈಮೇಲೆ ಬಿಳಿ ಹಿಟ್ಟು ಹೊತ್ತು ಗಿಡದ ರಸ ಹೀರುವ ಸಣ್ಣ ಕೀಟ, ಮೀಲಿಬಗ್) ಬಿದ್ದಾಗ ನಾವೆಲ್ಲ ಪಪ್ಪಾಯಿಯನ್ನೇ ನೋಡುತ್ತೇವೆ. ಮೊದಲು ಬದುವಿಗೆ ಹೋಗಿ. ಅಲ್ಲಿನ ಕಾಂಗ್ರೆಸ್ ಗಿಡ, ತುತ್ತಿ ಗಿಡದಲ್ಲಿ ಅದು ಆರಾಮಾಗಿ ಮರಿ ಮಾಡಿಕೊಂಡಿರುತ್ತದೆ, ಯಾರೂ ಅತ್ತ ತಿರುಗಿಯೂ ನೋಡಲ್ಲ ಅಲ್ವಾ.

ಇರುವೆ ಸಾಲು ಕಂಡರೆ ಅದರ ಹಿಂದೆಯೇ ಹೋಗಿ. ತಿಗಣೆ ರಸ ಹೀರಿ ಸಿಹಿ ಅಂಟು ಬಿಡುತ್ತದೆ, ಇರುವೆ ಬರುವುದು ಅದಕ್ಕೇ. ಎಲೆ ಕಾಂಡಕ್ಕೆ ಸೇರುವ ಸಂದಿನಲ್ಲಿ ಹತ್ತಿ ಚೂರಿನಂಥದ್ದು ಕಂಡರೆ ಸಣ್ಣ ಬ್ರಷ್‌ನಿಂದ ಕಪ್ಪು ಕಾಗದದ ಮೇಲೆ ಉದುರಿಸಿ, ಮೊಬೈಲ್‌ನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ.

ಬೆನ್ನಿನ ಮೇಲೆ ಕಪ್ಪು ಚುಕ್ಕೆಗಳು ಜೋಡಿ ಜೋಡಿಯಾಗಿದ್ದರೆ ಅದು ಹತ್ತಿಯ ಹಿಟ್ಟು ತಿಗಣೆ. ಎರಡು ಕಪ್ಪು ಪಟ್ಟೆ, ಹಿಂದೆ ಎರಡು ಉದ್ದ ಬಾಲ ಇದ್ದರೆ ಪಟ್ಟೆ ತಿಗಣೆ. ಚುಕ್ಕೆಯೂ ಇಲ್ಲ, ಪಟ್ಟೆಯೂ ಇಲ್ಲ, ಅಂಚಿನಲ್ಲಿ ಗಿಡ್ಡ ಮೇಣದ ಎಳೆಗಳಿವೆ, ಹಿಟ್ಟು ಒರೆಸಿದರೆ ಒಳಗೆ ಹಳದಿ ಮೈ, ಉದ್ದ ಸುಮಾರು 2 ಮಿ.ಮೀ. ಅಂದರೆ ಪಪ್ಪಾಯಿ ತಿಗಣೆ ಇರಬಹುದು. ಆಗ ನಾಲ್ಕೈದನ್ನು ಸ್ಪಿರಿಟ್ ಇರುವ ಸಣ್ಣ ಬಾಟಲಿಗೆ ಹಾಕಿಡಿ. ಪಪ್ಪಾಯಿ ತಿಗಣೆ ಒಂದೆರಡು ದಿನದಲ್ಲಿ ನೀಲಿಗಪ್ಪಾಗುತ್ತದೆ. ನನಗೆ ಜಾಸ್ತಿ ನಂಬಿಕೆ ಇರುವುದು ಈ ಪರೀಕ್ಷೆಯ ಮೇಲೆ. ಗಿಡ ನೋಡಿ ಮಾತ್ರ ಹೆಸರು ಹೇಳಬೇಡಿ, ಒಂದೇ ಕಾಂಗ್ರೆಸ್ ಗಿಡದಲ್ಲಿ ಎರಡು ಜಾತಿ ಒಟ್ಟಿಗೆ ಇರಬಹುದು.

ಗುಂಪಿನ ನಡುವೆ ದೊಡ್ಡದಾಗಿ, ಮೈತುಂಬ ಬಿಳಿ ಕುಚ್ಚು ಹೊತ್ತು ಚುರುಕಾಗಿ ಓಡಾಡುವ ಹುಳು ಇದ್ದರೆ ಅದನ್ನು ಕೊಲ್ಲಬೇಡಿ. ತಿಗಣೆ ತಿನ್ನುವ ಗುಲಗಂಜಿ ಹುಳುವಿನ ಮರಿ ಅದು. ಹಾಗೆಯೇ ಕಂದು ಬಣ್ಣಕ್ಕೆ ತಿರುಗಿ, ಗಟ್ಟಿಯಾಗಿ, ಸಣ್ಣ ತೂತು ಬಿದ್ದ ತಿಗಣೆ ಸಿಕ್ಕರೆ ಖುಷಿಪಡಿ. ಪಪ್ಪಾಯಿ ತಿಗಣೆ ಭಾರತದಲ್ಲಿ ಮೊದಲು ಕಂಡಿದ್ದು 2008ರಲ್ಲಿ, ಕೊಯಮತ್ತೂರಿನಲ್ಲಿ. ಆಮೇಲೆ ಹಿಪ್ಪುನೇರಳೆಗೂ ಬಿದ್ದು ರೇಷ್ಮೆ ರೈತರನ್ನು ಗೋಳಾಡಿಸಿತು. 2010ರಲ್ಲಿ ಪೋರ್ಟೊ ರಿಕೋದಿಂದ ತರಿಸಿದ ಪುಟ್ಟ ಕಣಜ ಅದನ್ನು ಹತೋಟಿಗೆ ತಂದಿತು, ತಿಗಣೆಯೊಳಗೆ ಬೆಳೆದು ಅದನ್ನು ಕೊಂದು ಹೊರಬರುವಾಗ ಆ ತೂತು ಮಾಡುವುದು ಇಂಥ ಕಣಜವೇ. ಅಂಥ ಗಿಡಕ್ಕೆ ಔಷಧಿ ಹೊಡೆದರೆ ಕಣಜವೂ ಸಾಯುತ್ತದೆ.

ಕಣಜದ ಗುರುತೇ ಇಲ್ಲದ, ಬರೀ ತಿಗಣೆ ತುಂಬಿದ ಗಿಡವಾದರೆ ಕಿತ್ತು ಸುಮ್ನೆ ಬದುವಿನ ಮೇಲೆ ಎಸೆಯಬೇಡಿ. ಗಿಡ ಒಣಗುತ್ತಿದ್ದ ಹಾಗೆ ಮರಿಗಳು ಇಳಿದು ಪಕ್ಕದ ಪಪ್ಪಾಯಿಗೇ ಹತ್ತುತ್ತವೆ. ನಿಂತಲ್ಲೇ ಕವರ್‌ಗೆ ತುಂಬಿ, ಬಾಯಿ ಕಟ್ಟಿ, ಬಿಸಿಲಿಗಿಡಿ.