ಕಾಫಿ ಕಣದಿಂದ ನೀಹಾರಿಕೆಯ ಫೋಟೊ: 13 ಡಿಗ್ರಿ ಅಕ್ಷಾಂಶದ ಪಟ್ಟುಗಳು

ಕೈ ಚಾಚಿ ಮುಷ್ಟಿ ಹಿಡಿದರೆ ಆಕಾಶದಲ್ಲಿ ಅದು ಸುಮಾರು 10 ಡಿಗ್ರಿ ಮುಚ್ಚುತ್ತದೆ. ಹಾಸನದಲ್ಲಿ ಧ್ರುವ ನಕ್ಷತ್ರ ದಿಗಂತದಿಂದ ಒಂದು ಮುಷ್ಟಿ, ಎರಡು ಬೆರಳು ಮೇಲಿರುತ್ತದೆ, ಅಷ್ಟೇ. ತೋಟದ ಸಿಲ್ವರ್ ಓಕ್ ಸಾಲೋ ಪಕ್ಕದ ಮನೆಯ ನೀರಿನ ಟ್ಯಾಂಕೋ ಎದುರಿನ ಗುಡ್ಡವೋ ಅದನ್ನು ನುಂಗಿಬಿಡುತ್ತದೆ. ನೀಹಾರಿಕೆ (ತಾರೆಗಳ ನಡುವಿನ ಅನಿಲ, ಧೂಳಿನ ಮೋಡ) ಫೋಟೊಗ್ರಫಿಯ ಮಾರ್ಗದರ್ಶಿಗಳಲ್ಲಿ ಹೆಚ್ಚಿನವು ಧ್ರುವ ನಕ್ಷತ್ರ ನಡು ಆಕಾಶದಲ್ಲಿ ಕಾಣುವ ಊರಿನವರು ಬರೆದವು. ಅವನ್ನು ಅಕ್ಷರಶಃ ಪಾಲಿಸಿದರೆ ಇಲ್ಲಿ ಮೊದಲ ರಾತ್ರಿಯೇ ಟೆಲಿಸ್ಕೋಪನ್ನು ಹೊತ್ತು ತಿರುಗಿಸುವ ಮೌಂಟ್ ಮುಗ್ಗರಿಸುತ್ತದೆ. ಇಬ್ಬನಿಯ ಕಾಟವೂ ನಮ್ಮ ಕಡೆ ಜಾಸ್ತಿ. ಈ ಎರಡನ್ನು ಗೆದ್ದರೆ ಉಳಿದದ್ದು ತಾಳ್ಮೆಯ ಕೆಲಸ.

ಋತು ಚಿಕ್ಕದು: ಡಿಸೆಂಬರಿನಿಂದ ಮಾರ್ಚ್ ಮಧ್ಯದವರೆಗೆ. ಆಮೇಲೆ ಹೂಮಳೆಯ ಮೋಡ, ಗುಡುಗು. ಜೂನ್ ಕೊನೆಗೆ ಆರಿದ್ರ ಮಳೆ ಹಿಡಿಯುವಾಗ ಸೂರ್ಯ ಆರಿದ್ರ ನಕ್ಷತ್ರದಲ್ಲಿರುತ್ತಾನೆ. ಆ ಆರಿದ್ರವೇ ಮಹಾವ್ಯಾಧನ (ಒರಿಯನ್) ಹೆಗಲ ಮೇಲಿನ ಕೆಂಪು ತಾರೆ. ಹಾಗಾಗಿ ಮಳೆ ಬಾರದಿದ್ದರೂ ಆಗ ಮಹಾವ್ಯಾಧ ಹಗಲಲ್ಲೇ ಬಂದು ಹೋಗುತ್ತಾನೆ. ಚಳಿಗಾಲದಲ್ಲಿ ಅಮಾವಾಸ್ಯೆಯ ಹಿಂದೆ ಮುಂದೆ ಐದೈದು ದಿನ ಗುರುತು ಹಾಕಿಕೊಳ್ಳಿ.

ಸಾಮಾನು

ದುಡ್ಡಿನ ಹೆಚ್ಚಿನ ಪಾಲು ಮೌಂಟಿಗೆ ಹೋಗಲಿ. ಅದು ಇಕ್ವಟೋರಿಯಲ್ ಮೌಂಟೇ ಆಗಿರಬೇಕು, ಅಂದರೆ ಒಂದು ಅಕ್ಷವನ್ನು ಧ್ರುವದತ್ತ ಇಟ್ಟು ಆಕಾಶದ ಜೊತೆಗೇ ತಿರುಗುವುದು. ಮೇಲೆ–ಕೆಳಗೆ, ಎಡ–ಬಲ ಮಾತ್ರ ತಿರುಗುವ ಮೌಂಟ್ ತಾರೆಯನ್ನು ಹಿಂಬಾಲಿಸಿದರೂ ಚಿತ್ರದ ಚೌಕಟ್ಟು ನಿಧಾನಕ್ಕೆ ಸುತ್ತುತ್ತಾ ಹೋಗುತ್ತದೆ, ಮೂಲೆಯ ತಾರೆಗಳು ಕಮಾನಾಗುತ್ತವೆ. ಮೌಂಟ್ 10 ಕಿಲೊ ಹೊರುತ್ತದೆ ಎಂದು ಬರೆದಿದ್ದರೆ ಫೋಟೊಗೆ 5–6 ಕಿಲೊ ಎಂದು ತಿಳಿಯಿರಿ. ಕೊಳ್ಳುವ ಮುನ್ನ ಅದರ ಅಕ್ಷಾಂಶದ ಮಿತಿ ವಿಚಾರಿಸಿ. ಕೆಲವು 15 ಡಿಗ್ರಿಗಿಂತ ಕೆಳಗೆ ಬಾಗುವುದೇ ಇಲ್ಲ.

ಟೆಲಿಸ್ಕೋಪು ಚಿಕ್ಕದೇ ಇರಲಿ: 60ರಿಂದ 80 ಮಿ.ಮೀ. ವ್ಯಾಸದ, 360–480 ಮಿ.ಮೀ. ನಾಭಿದೂರದ ರಿಫ್ರಾಕ್ಟರ್ (ಲೆನ್ಸಿನ ಟೆಲಿಸ್ಕೋಪು). ಲೆಕ್ಕ ಸುಲಭ. ಕ್ಯಾಮೆರಾ ಪಿಕ್ಸೆಲಿನ ಮೈಕ್ರಾನ್ ಅಳತೆಯನ್ನು 206ರಿಂದ ಗುಣಿಸಿ ನಾಭಿದೂರದಿಂದ ಭಾಗಿಸಿ. 4.3 ಮೈಕ್ರಾನಿನ ಪಿಕ್ಸೆಲ್, 400 ಮಿ.ಮೀ. ಆದರೆ ಪ್ರತಿ ಪಿಕ್ಸೆಲಿಗೆ 2.2 ಆರ್ಕ್‌ಸೆಕೆಂಡ್. ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3,600ನೇ ಒಂದು ಭಾಗ. ಸಣ್ಣಪುಟ್ಟ ನಡುಕವನ್ನು ಈ ಅಳತೆ ಕ್ಷಮಿಸುತ್ತದೆ. ಅದೇ ಕ್ಯಾಮೆರಾವನ್ನು 2,000 ಮಿ.ಮೀ.ನ 8 ಇಂಚಿನ ಟೆಲಿಸ್ಕೋಪಿಗೆ ಹಾಕಿದರೆ 0.44, ಅಲ್ಲಿ ನಾಯಿ ಓಡಿದರೂ ಚಿತ್ರ ಕೆಟ್ಟಿತು. ಎಪಿಎಸ್–ಸಿ (ಸಾಮಾನ್ಯ ಡಿಎಸ್‌ಎಲ್‌ಆರ್ ಅಳತೆಯ) ಸೆನ್ಸರಿಗೆ 400 ಮಿ.ಮೀ.ನಲ್ಲಿ ಸಿಗುವ ನೋಟ 3.2 × 2.1 ಡಿಗ್ರಿ. ಮಹಾವ್ಯಾಧದ ನೀಹಾರಿಕೆ ಎಂ42ರ ಹರವು ಒಂದು ಡಿಗ್ರಿಯಷ್ಟು, ಸುತ್ತ ಜಾಗ ಬಿಟ್ಟು ಚೆನ್ನಾಗಿ ಕೂರುತ್ತದೆ.

ಕ್ಯಾಮೆರಾಕ್ಕೆ ಹಳೆಯ ಡಿಎಸ್‌ಎಲ್‌ಆರ್ ಸಾಕು, ಆದರೆ ಒಂದು ತೊಡಕಿದೆ. ನೀಹಾರಿಕೆಯ ಕೆಂಪು ಬಣ್ಣ ಹೈಡ್ರೋಜನ್ ಸೂಸುವ 656.3 ನ್ಯಾನೊಮೀಟರಿನ ಬೆಳಕು. ಸೆನ್ಸರಿನ ಮುಂದೆ ಕಂಪನಿ ಕೂರಿಸಿದ ಫಿಲ್ಟರ್ ಅದರ ಬಹುಪಾಲನ್ನು ತಡೆಯುತ್ತದೆ. ಎಂ42 ಪ್ರಖರವಾದ್ದರಿಂದ ಮಾಮೂಲಿ ಕ್ಯಾಮೆರಾಕ್ಕೂ ಸಿಗುತ್ತದೆ. ಕುದುರೆ ತಲೆ, ರೋಸೆಟ್ ನೀಹಾರಿಕೆಗಳು ಬೇಕಾದರೆ ಆ ಫಿಲ್ಟರ್ ತೆಗೆಸಿದ ಕ್ಯಾಮೆರಾ ಬೇಕು. ಟೆಲಿಸ್ಕೋಪು ಮತ್ತು ಕ್ಯಾಮೆರಾ ನಡುವೆ ಫೀಲ್ಡ್ ಫ್ಲಾಟ್ನರ್ (ಮೂಲೆಯ ತಾರೆಗಳನ್ನೂ ಚೂಪಾಗಿಡುವ ಲೆನ್ಸ್) ಹಾಕಿ. ಸಾಮಾನ್ಯವಾಗಿ ಅದರ ಹಿಂಬದಿಯಿಂದ ಸೆನ್ಸರಿಗೆ 55 ಮಿ.ಮೀ. ಇರಬೇಕು. ಒಂದೆರಡು ಮಿ.ಮೀ. ತಪ್ಪಿದರೂ ಮೂಲೆಯ ತಾರೆಗಳು ಉದ್ದವಾಗುತ್ತವೆ.

ಕರೆಂಟ್ ನಂಬಬೇಡಿ. ಮೌಂಟ್ ಮತ್ತು ಇಬ್ಬನಿ ಹೀಟರ್ ಸೇರಿ 12 ವೋಲ್ಟಿನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತವೆ. ಐದು ಗಂಟೆಗೆ 10 ಆಂಪಿಯರ್–ಅವರ್. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಬಾರದು, ಹಾಗಾಗಿ 20ಕ್ಕಿಂತ ಕಡಿಮೆಯದು ಬೇಡ. ಯುಪಿಎಸ್ಸಿನ 7 ಆಂಪಿಯರ್–ಅವರ್ ಬ್ಯಾಟರಿ ಸರಿಯಾಗಿ ನಡುರಾತ್ರಿಗೆ ಕೈಕೊಡುತ್ತದೆ.

ಜಾಗ

ತೋಟದಲ್ಲಿ ಆಕಾಶ ತೆರೆದಿರುವ ಒಂದೇ ಜಾಗ ಕಾಫಿ ಒಣಗಿಸುವ ಕಣ. ಆದರೆ ಸಿಮೆಂಟಿನ ಕಣ ಹಗಲೆಲ್ಲ ಬಿಸಿಲು ಕುಡಿದು ನಡುರಾತ್ರಿಯವರೆಗೂ ಕಾವು ಬಿಡುತ್ತಿರುತ್ತದೆ, ಅದರ ಮೇಲಿನ ಗಾಳಿಯಲ್ಲಿ ತಾರೆ ಕುದಿಯುತ್ತದೆ. ಟ್ರೈಪಾಡನ್ನು ಕಣದ ಅಂಚಿನ ಮಣ್ಣಿನ ಮೇಲೆ, ಪ್ರತಿ ಕಾಲಿಗೂ ಒಂದು ಚಪ್ಪಡಿ ಕಲ್ಲು ಕೊಟ್ಟು ನಿಲ್ಲಿಸಿ. ಡಿಸೆಂಬರ್–ಫೆಬ್ರುವರಿ ಕೊಯ್ಲಿನ ಕಾಲವೂ ಹೌದು, ಕಣದಲ್ಲಿ ಕಾಫಿ ಹರಡಿದ್ದರೆ ಮಾಲೀಕರನ್ನು ಕೇಳಿಯೇ ಕಾಲಿಡಿ. ಹಾಸನ ಪೇಟೆಯವರಿಗೆ ತಾರಸಿಯೇ ಗತಿ. ಎಕ್ಸ್‌ಪೋಷರ್ ನಡೆಯುವಾಗ ಅದರ ಮೇಲೆ ಓಡಾಡಬೇಡಿ, ಬೀದಿದೀಪದ ಬೆಳಕಿಗೆ ಹೈಡ್ರೋಜನ್, ಆಮ್ಲಜನಕದ ಬೆಳಕನ್ನಷ್ಟೇ ಬಿಡುವ ಡ್ಯುಯಲ್ ಬ್ಯಾಂಡ್ ಫಿಲ್ಟರ್ ಹಾಕಿ. ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್ ಎಂದು ಆಸೆಪಡುವವರಿದ್ದಾರೆ. ಅಂಥ ತುದಿಯಲ್ಲಿ ಗಾಳಿಯೇ ಶತ್ರು. ಗಾಳಿಗೆ ಮರೆಯಾದ ಅಂಗಳ ಎಷ್ಟೋ ಮೇಲು. ಸಕಲೇಶಪುರ, ಆಲೂರು ಕಡೆ ಆನೆ ಓಡಾಡುವ ತೋಟವಾದರೆ ಮನೆಗೆ ಅಂಟಿಕೊಂಡೇ ಇರಿ.

ಧ್ರುವಕ್ಕೆ ಹೊಂದಿಸುವುದು

ಮೌಂಟಿನ ಅಕ್ಷಾಂಶದ ಮಾಪಕವನ್ನು ಹಾಸನಕ್ಕೆ 13, ಚಿಕ್ಕಮಗಳೂರಿಗೆ 13.3 ಡಿಗ್ರಿಗೆ ತನ್ನಿ. ಈ ಕೋನದಲ್ಲಿ ಮೌಂಟಿನ ತಲೆ ಬಹುತೇಕ ಅಡ್ಡ ಮಲಗುತ್ತದೆ, ಭಾರವೆಲ್ಲ ಉತ್ತರಕ್ಕೆ ವಾಲುತ್ತದೆ. ಟ್ರೈಪಾಡಿನ ಒಂದು ಕಾಲು ಉತ್ತರಕ್ಕೆ ಚಾಚಿದ್ದರೆ ಮಗುಚುವುದಿಲ್ಲ, ಆದರೆ ಟೆಲಿಸ್ಕೋಪಿಗೆ ಸಮತೂಕ ಕೊಡುವ ತೂಕದ ದಂಡ ಕೆಳಗಿಳಿದಾಗ ಅದೇ ಕಾಲಿಗೆ ಬಡಿಯುತ್ತದೆ. ಮೋಟಾರು ಬಿಡದೆ ಒತ್ತುತ್ತದೆ, ಗೇರು ಸವೆಯುತ್ತದೆ. ಟ್ರೈಪಾಡ್ ಮತ್ತು ತಲೆಯ ನಡುವೆ 15–20 ಸೆಂ.ಮೀ. ಎತ್ತರದ ಕಂಬ ಸೇರಿಸುವುದು ಸರಿಯಾದ ಮದ್ದು. ಅದಿಲ್ಲದಿದ್ದರೆ ದಂಡದ ತುದಿಯಲ್ಲಿ ಒಂದು ತೂಕವಿಡುವ ಬದಲು ದಂಡದ ಮೇಲ್ಭಾಗದಲ್ಲಿ ಎರಡು ತೂಕ ಹಾಕಿ ದಂಡವನ್ನೇ ಗಿಡ್ಡ ಮಾಡಿ. ಕತ್ತಲಾಗುವ ಮೊದಲೇ ಎಲ್ಲ ದಿಕ್ಕಿಗೂ ಕೈಯಲ್ಲಿ ತಿರುಗಿಸಿ ನೋಡಿ, ಎಲ್ಲಿ ತಾಗುತ್ತದೆ ಎಂದು ಆಗ ಗೊತ್ತಾಗುತ್ತದೆ.

ಧ್ರುವ ನಕ್ಷತ್ರ ಕಂಡರೆ ಪೋಲಾರ್ ಸ್ಕೋಪಿನಲ್ಲಿ (ಮೌಂಟಿನ ಅಕ್ಷದೊಳಗಿನ ಪುಟ್ಟ ದೂರದರ್ಶಕ) ಆ್ಯಪ್ ತೋರಿಸುವ ಜಾಗಕ್ಕೆ ಕೂರಿಸಿ. ನಿಜವಾದ ಧ್ರುವದಿಂದ ಅದು ಅರ್ಧ ಡಿಗ್ರಿಗಿಂತ ತುಸು ಹೆಚ್ಚೇ ದೂರವಿದೆ, ಶಿಲುಬೆ ಗೆರೆಯ ನಟ್ಟನಡುವೆ ಕೂರಿಸುವುದು ತಪ್ಪು. ಕಾಣದಿದ್ದರೆ ಎರಡು ದಾರಿ. ಲ್ಯಾಪ್‌ಟಾಪ್ ಇದ್ದವರಿಗೆ ನೀನಾ ತಂತ್ರಾಂಶದ ಮೂರು ಬಿಂದುಗಳ ವಿಧಾನವಿದೆ, ಆಕಾಶದ ಯಾವ ಮೂಲೆಯಿಂದಲಾದರೂ ಕೆಲಸ ಮಾಡುತ್ತದೆ. ಇಲ್ಲದವರಿಗೆ ತಾರೆ ಜಾರುವ ದಿಕ್ಕು ನೋಡಿ ಸರಿಪಡಿಸುವ ಹಳೆಯ ಡ್ರಿಫ್ಟ್ ವಿಧಾನ.

ಡ್ರಿಫ್ಟಿಗೆ ಮಹಾವ್ಯಾಧನ ಸೊಂಟಪಟ್ಟಿಯ ಮೇಲಿನ ತಾರೆ ಮಿಂಟಾಕ ಹೇಳಿ ಮಾಡಿಸಿದ್ದು, ಆಕಾಶದ ಸಮಭಾಜಕದ (ಭೂಮಿಯ ಸಮಭಾಜಕದ ನೇರಕ್ಕಿರುವ ಗೆರೆ) ಮೇಲೆಯೇ ಇದೆ ಎನ್ನಬಹುದು. ಜನವರಿ ಮಧ್ಯದಲ್ಲಿ ರಾತ್ರಿ ಹತ್ತೂವರೆಯ ಹೊತ್ತಿಗೆ ಅದು ಉತ್ತರ–ದಕ್ಷಿಣವಾಗಿ ಹಾಯುವ ನೆತ್ತಿಯ ಗೆರೆಗೆ ಬರುತ್ತದೆ. ಲೈವ್ ವ್ಯೂ 10 ಪಟ್ಟು ಹಿಗ್ಗಿಸಿ ತಾರೆಯನ್ನು ನಡುವೆ ತನ್ನಿ. ಕೊಳವೆಯ ಮೂತಿಯನ್ನು ಬೆರಳಲ್ಲಿ ದಕ್ಷಿಣಕ್ಕೆ ಮೆಲ್ಲಗೆ ಒತ್ತಿ. ತಾರೆ ಪರದೆಯಲ್ಲಿ ಯಾವ ಕಡೆ ಸರಿಯಿತೋ ಅದು ಉತ್ತರ. ಈಗ ಐದು ನಿಮಿಷ ಬಿಡಿ. ತಾರೆ ದಕ್ಷಿಣಕ್ಕೆ ಜಾರಿದರೆ ಮೌಂಟಿನ ಅಕ್ಷ ಪೂರ್ವಕ್ಕೆ ಹೆಚ್ಚಾಗಿದೆ, ಉತ್ತರಕ್ಕೆ ಜಾರಿದರೆ ಪಶ್ಚಿಮಕ್ಕೆ. ಸರಿಪಡಿಸಿ. ಆಮೇಲೆ ಪೂರ್ವದಲ್ಲಿ 25–30 ಡಿಗ್ರಿ ಎತ್ತರದಲ್ಲಿರುವ, ಸಮಭಾಜಕದ ಹತ್ತಿರದ ತಾರೆ ಹಿಡಿಯಿರಿ. ಆ ಹೊತ್ತಿಗೆ ಆಲ್ಫರ್ಡ್ ಎಂಬ ತಾರೆ ಸಿಗುತ್ತದೆ. ಅದು ದಕ್ಷಿಣಕ್ಕೆ ಜಾರಿದರೆ ಅಕ್ಷ ತಗ್ಗಿದೆ, ಉತ್ತರಕ್ಕಾದರೆ ಎತ್ತರವಾಗಿದೆ. ಎತ್ತರದ ಬೋಲ್ಟ್ ತಿರುಗಿಸುವಾಗ ಇನ್ನೊಂದು ಕೈಯಿಂದ ತಲೆಗೆ ಆಸರೆ ಕೊಡಿ. ಇಷ್ಟು ಕಡಿಮೆ ಕೋನದಲ್ಲಿ ಇಡೀ ಭಾರ ಆ ಒಂದು ಬೋಲ್ಟಿನ ಮೇಲಿರುತ್ತದೆ, ಬಲವಂತ ಮಾಡಿದರೆ ಬಾಗುತ್ತದೆ. ಎರಡೂ ಹೊಂದಾಣಿಕೆಯನ್ನು ಇನ್ನೊಮ್ಮೆ ಮಾಡಿ. ಮೊದಲ ಸಲ ಒಂದೂವರೆ ಗಂಟೆ ಹಿಡಿದರೂ ಅದು ವ್ಯರ್ಥವಲ್ಲ.

ಫೋಕಸ್, ಎಕ್ಸ್‌ಪೋಷರ್

ಫೋಕಸಿಗೆ ಬಾಹ್ತಿನೊವ್ ಮಾಸ್ಕ್ (ಓರೆ ಸೀಳುಗಳಿರುವ ಮುಚ್ಚಳ) ಮುಂದೆ ಹಾಕಿ ಲುಬ್ಧಕದಂಥ ಪ್ರಖರ ತಾರೆ ನೋಡಿ. ಮೂರು ಗೆರೆಗಳಲ್ಲಿ ನಡುವಿನದು ಉಳಿದೆರಡರ ಸರಿ ಮಧ್ಯೆ ಬಂದಾಗ ಫೋಕಸ್ ಆಯಿತು. ಮಾಸ್ಕ್ ತೆಗೆಯಲು ಮರೆಯಬೇಡಿ, ಎಲ್ಲರೂ ಮರೆಯುತ್ತಾರೆ. ಚಳಿ ಏರಿದಂತೆ ಕೊಳವೆ ಕುಗ್ಗಿ ಫೋಕಸ್ ಜರುಗುತ್ತದೆ, ಗಂಟೆಗೊಮ್ಮೆ ಪರೀಕ್ಷಿಸಿ.

ಐಎಸ್‌ಒ 800, ರಾ ಫೈಲ್. ಗೈಡಿಂಗ್ (ಇನ್ನೊಂದು ಕ್ಯಾಮೆರಾ ತಾರೆಯನ್ನು ನೋಡುತ್ತಾ ಮೌಂಟನ್ನು ತಿದ್ದುವುದು) ಇಲ್ಲದಿದ್ದರೆ 30 ಸೆಕೆಂಡು, ಗೈಡ್ ಕ್ಯಾಮೆರಾ ಮತ್ತು ಅದರ ತಂತ್ರಾಂಶ ಪಿಎಚ್‌ಡಿ2 ಇದ್ದರೆ 120. ಹಿಸ್ಟೋಗ್ರಾಮಿನ (ಕ್ಯಾಮೆರಾ ತೋರಿಸುವ ಬೆಳಕಿನ ಹಂಚಿಕೆಯ ನಕ್ಷೆ) ಗುಡ್ಡ ಎಡದಿಂದ ಕಾಲು ಭಾಗ, ಹೆಚ್ಚೆಂದರೆ ಮೂರನೇ ಒಂದು ಭಾಗದಷ್ಟು ದೂರಕ್ಕೆ ಬಂದಿರಲಿ. ಎಡಕ್ಕೆ ಅಂಟಿದ್ದರೆ ಸಮಯ ಸಾಲದು. ಒಟ್ಟು ಎರಡು ಗಂಟೆಯ ಬೆಳಕು ಕನಿಷ್ಠ. ಚಿತ್ರದ ಕಾಳುಕಾಳು (ನಾಯ್ಸ್) ಅರ್ಧಕ್ಕಿಳಿಯಲು ಸಮಯ ನಾಲ್ಕು ಪಟ್ಟು ಬೇಕು, ಒಂದೇ ನೀಹಾರಿಕೆಗೆ ಮೂರು ರಾತ್ರಿ ಕೊಡುವುದು ಇದಕ್ಕೇ. ಎರಡು ಮೂರು ಚಿತ್ರಕ್ಕೊಮ್ಮೆ ಟೆಲಿಸ್ಕೋಪನ್ನು ಕೆಲವು ಪಿಕ್ಸೆಲ್ ಸರಿಸಿ, ಇಲ್ಲವಾದರೆ ಸೆನ್ಸರಿನ ಕಲೆಗಳು ಮಳೆಹನಿ ಜಾರಿದಂತೆ ಗೆರೆಗೆರೆಯಾಗುತ್ತವೆ. ಎಂ42ರ ನಡುವಿನ ನಾಲ್ಕು ತಾರೆಗಳ ಗುಂಪು 120 ಸೆಕೆಂಡಿನಲ್ಲಿ ಬೆಳ್ಳಗೆ ಸುಟ್ಟುಹೋಗುತ್ತದೆ, 5 ಸೆಕೆಂಡಿನ 20 ಚಿತ್ರ ಬೇರೆ ತೆಗೆದು ಆಮೇಲೆ ಬೆರೆಸಿ.

ಕುದುರೆ ತಲೆ ತೆಗೆಯುವಾಗ ಚಿತ್ರದ ಅಡ್ಡಕ್ಕೆ ಸಮ ಉದ್ದದ ತೆಳು ಗೆರೆಗಳು ಕಾಣಬಹುದು, ಎಲ್ಲವೂ ಪೂರ್ವ–ಪಶ್ಚಿಮಕ್ಕೆ. ಅವು ಭೂಸ್ಥಾಯಿ ಉಪಗ್ರಹಗಳು. ಹಾಸನದಲ್ಲೇ 1982ರಿಂದ ಇರುವ ಇಸ್ರೊದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ನೋಡಿಕೊಳ್ಳುವುದು ಇದೇ ಜಾತಿಯವನ್ನು. ನಮ್ಮ ಅಕ್ಷಾಂಶದಿಂದ ಅವು ಆಕಾಶದ ಸಮಭಾಜಕಕ್ಕಿಂತ 2 ಡಿಗ್ರಿ ಚಿಲ್ಲರೆ ದಕ್ಷಿಣಕ್ಕೆ ಕಾಣುತ್ತವೆ, ಕುದುರೆ ತಲೆ ಇರುವುದು ಎರಡೂವರೆ ಡಿಗ್ರಿ ದಕ್ಷಿಣದಲ್ಲಿ. ಉಪಗ್ರಹ ನಿಂತಲ್ಲೇ ಇರುತ್ತದೆ, ಮೌಂಟ್ ತಾರೆಯ ಹಿಂದೆ ಹೋಗುತ್ತದೆ, 120 ಸೆಕೆಂಡಿನಲ್ಲಿ ಅರ್ಧ ಡಿಗ್ರಿಯ ಗೆರೆ ಬೀಳುತ್ತದೆ. ಚಿತ್ರ ಎಸೆಯಬೇಡಿ. ಇಪ್ಪತ್ತಕ್ಕಿಂತ ಹೆಚ್ಚು ಚಿತ್ರಗಳಿದ್ದರೆ ಚಿತ್ರ ಬೆರೆಸುವ ತಂತ್ರಾಂಶ ಸಿರಿಲ್‌ನಲ್ಲಿ ಪೇರಿಸುವಾಗ ಸಿಗ್ಮಾ ಕ್ಲಿಪಿಂಗ್ (ಉಳಿದ ಚಿತ್ರಗಳಿಗೆ ಹೊಂದದ ಚುಕ್ಕೆ ಬಿಡುವ ಲೆಕ್ಕ) ಅವನ್ನು ಅಳಿಸಿಹಾಕುತ್ತದೆ.

ಮಾರ್ಚ್ ಮೊದಲ ವಾರ ದಕ್ಷಿಣ ದಿಗಂತ ತೆರೆದಿರುವವರು ಕರೀನಾ ನೀಹಾರಿಕೆ ಬಿಡಬೇಡಿ. ಅಗಸ್ತ್ಯ ಮತ್ತು ತ್ರಿಶಂಕುವಿನ ನಡುವೆ, ತ್ರಿಶಂಕುವಿಗೆ ಹತ್ತಿರ. ರಾತ್ರಿ ಹನ್ನೆರಡೂವರೆ ಸುಮಾರಿಗೆ 17 ಡಿಗ್ರಿ ಎತ್ತರಕ್ಕೆ ಬರುತ್ತದೆ. ಧ್ರುವ ನಕ್ಷತ್ರ ತಗ್ಗಿರುವ ಊರಿಗೆ ಸಿಗುವ ಪರಿಹಾರ ಅದು, ಯುರೋಪಿನವರಿಗೆ ಕಾಣುವುದೇ ಇಲ್ಲ.

ಇಬ್ಬನಿ ಮತ್ತು ತಿದ್ದುಪಡಿ ಚಿತ್ರಗಳು

ತಾರೆಗಳ ಸುತ್ತ ಮಸುಕು ಪ್ರಭೆ ಕಂಡರೆ ಲೆನ್ಸಿನ ಮೇಲೆ ಇಬ್ಬನಿ ಕೂತಿದೆ. ಒರೆಸಬೇಡಿ, ಗೀರು ಬೀಳುತ್ತದೆ. ಹೀಟರ್ ಪಟ್ಟಿಯನ್ನು ಲೆನ್ಸಿನ ಹಿಂದೆಯೇ ಕೊಳವೆಗೆ ಸುತ್ತಿ, ಇಬ್ಬನಿ ಬೀಳುವ ಮೊದಲೇ, ಅಂದರೆ ಸಂಜೆ ಏಳಕ್ಕೇ ಸಣ್ಣಗೆ ಹಚ್ಚಿಬಿಡಿ. ಕೂತ ಮೇಲೆ ಓಡಿಸಲು ಅರ್ಧ ಗಂಟೆ ಬೇಕು.

ಸೆನ್ಸರಿನ ಕಲೆ ಕಳೆಯುವ ಡಾರ್ಕ್ ಚಿತ್ರಗಳನ್ನು ಅದೇ ಐಎಸ್‌ಒ, ಅದೇ ಸಮಯ, ಅದೇ ಚಳಿಯಲ್ಲಿ ಮುಚ್ಚಳ ಹಾಕಿ 25 ತೆಗೆಯಿರಿ. ಮನೆಯೊಳಗೆ ಮರುದಿನ ತೆಗೆದದ್ದು ಹೊಂದುವುದಿಲ್ಲ. ಧೂಳಿನ ನೆರಳು, ಅಂಚಿನ ಕಪ್ಪು ಅಳಿಸುವುದು ಫ್ಲಾಟ್ ಚಿತ್ರ. ಫ್ಲಾಟ್‌ಗೆ ಬೆಳಗಿನ ಜಾವ ಬಿಳಿ ಪಂಚೆಯನ್ನು ಎರಡು ಮಡಿಕೆ ಮಾಡಿ, ಸುಕ್ಕಿಲ್ಲದಂತೆ ಮೂತಿಗೆ ಬಿಗಿದು ಬೆಳ್ಳಗಾಗುವ ಆಕಾಶಕ್ಕೆ ತಿರುಗಿಸಿ 25 ತೆಗೆಯಿರಿ. ಅಲ್ಲಿಯವರೆಗೆ ಕ್ಯಾಮೆರಾ ತಿರುಗಿಸಬಾರದು, ಕೊನೆಯ ಚಿತ್ರ ತೆಗೆದ ಮೇಲೆ ಫೋಕಸ್ ಮುಟ್ಟಬಾರದು. ಮುಟ್ಟಿದರೆ ಧೂಳಿನ ನೆರಳು ಅಳಿಯುವ ಬದಲು ಇಮ್ಮಡಿಯಾಗುತ್ತದೆ.

ತಾರೆಗಳು ಉದ್ದವಾಗಿದ್ದರೆ ದಿಕ್ಕು ನೋಡಿ. ಉತ್ತರ–ದಕ್ಷಿಣಕ್ಕಾದರೆ ಧ್ರುವ ಹೊಂದಾಣಿಕೆ ತಪ್ಪಿದೆ. ಪೂರ್ವ–ಪಶ್ಚಿಮಕ್ಕಾದರೆ ಗೇರಿನ ದೋಷ. ಪೂರ್ವದ ಕಡೆ ತೂಕ ಕೂದಲೆಳೆಯಷ್ಟು ಹೆಚ್ಚಿಡಿ, ಹಲ್ಲುಗಳು ಕಚ್ಚಿಕೊಂಡಿರುತ್ತವೆ. ಅಲ್ಲೊಂದು ಇಲ್ಲೊಂದು ಚಿತ್ರ ಮಾತ್ರ ಕೆಟ್ಟಿದ್ದರೆ ಗಾಳಿ, ಇಲ್ಲವೇ ಜೋತುಬಿದ್ದ ವೈರು.

ಎಲ್ಲ ಮುಗಿದ ಮೇಲೆ ಒದ್ದೆ ಟೆಲಿಸ್ಕೋಪನ್ನು ನೇರ ಪೆಟ್ಟಿಗೆಗೆ ಹಾಕಬೇಡಿ. ಮುಚ್ಚಳ ತೆಗೆದು, ಮೂತಿ ಕೆಳಗೆ ಬಾಗಿಸಿ ಒಣಗಿದ ಕೋಣೆಯಲ್ಲಿ ಮಧ್ಯಾಹ್ನದವರೆಗೆ ಬಿಡಿ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇರಲಿ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಅದನ್ನು ಬಾಣಲೆಯಲ್ಲಿ ಸಣ್ಣ ಉರಿಗೆ ಹುರಿದು ಒಣಗಿಸಿ. ಹುರಿಯುವ ಮುನ್ನ ಹರಳುಗಳನ್ನು ಪೊಟ್ಟಣದಿಂದ ಹೊರಗೆ ಸುರಿದುಕೊಳ್ಳಿ, ಆ ಬಾಣಲೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ. ಮಲೆನಾಡಿನ ಜುಲೈನಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯಲು ಹೆಚ್ಚು ದಿನ ಬೇಕಿಲ್ಲ.